ಮೂವತ್ತು ಸಾವಿರದೊಳಗೆ ಮೊದಲ ಡಿಎಸ್‌ಎಲ್‌ಆರ್: ಬಾಡಿಗಿಂತ ಮೊದಲು ಲೆನ್ಸ್ ನೋಡಿ

ಕೆನಾನ್ ಆಗಲಿ ನಿಕಾನ್ ಆಗಲಿ 2020ರ ನಂತರ ಹೊಸ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇದ್ದು, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಮಾಡೆಲ್ ಬಿಟ್ಟಿಲ್ಲ. ಎರಡೂ ಕಂಪನಿಗಳು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಹೊರಳಿವೆ. ಮದುವೆ, ಸಮಾರಂಭಗಳ ಫೋಟೊಗ್ರಾಫರ್‌ಗಳೂ ಆ ಕಡೆಗೇ ಹೋಗುತ್ತಿದ್ದಾರೆ. ಅವರು ಕೈಬಿಟ್ಟ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಕೂಡಿಟ್ಟುಕೊಂಡು ಫೋಟೊಗ್ರಫಿ ಕಲಿಯಲು ಹೊರಟವರಿಗೆ ಇದು ಒಳ್ಳೆಯ ಕಾಲ. ಮಾಡೆಲ್ ಹಳೆಯದಾಯಿತು ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಕಿಲ್ಲ. 2014ರಲ್ಲಿ ಒಳ್ಳೆಯ ಚಿತ್ರ ಕೊಡುತ್ತಿದ್ದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಇವತ್ತೂ ಅಷ್ಟೇ ಒಳ್ಳೆಯ ಚಿತ್ರ ಕೊಡುತ್ತದೆ.

ಕಷ್ಟ ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ಹೆಚ್ಚಿನವರು ಮೊದಲು ಬಾಡಿ ಆರಿಸುತ್ತಾರೆ, ಇದ್ದ ದುಡ್ಡನ್ನೆಲ್ಲ ಅದಕ್ಕೇ ಸುರಿಯುತ್ತಾರೆ, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ದಿನ ದೂಡುತ್ತಾರೆ. ಆಮೇಲೆ ‘ಮೊಬೈಲಿನಲ್ಲೇ ಇದಕ್ಕಿಂತ ಚೆನ್ನಾಗಿ ಬರುತ್ತೆ’ ಎಂದು ಕ್ಯಾಮೆರಾ ಬೀರು ಸೇರುತ್ತದೆ. ಲೆಕ್ಕ ತಿರುಗಿಸಿ ಹಾಕಿ: ಏನನ್ನು ಚಿತ್ರ ತೆಗೆಯಬೇಕು ಎಂಬುದು ಮೊದಲು, ಅದಕ್ಕೆ ಬೇಕಾದ ಲೆನ್ಸ್ ಎರಡನೆಯದು, ಆ ಲೆನ್ಸ್ ಕೂರುವ ಬಾಡಿ ಕೊನೆಗೆ.

ಮೆಗಾಪಿಕ್ಸೆಲ್ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಹಳೆಯ ಕೆನಾನ್ 1200ಡಿ, 1300ಡಿ, 700ಡಿ ಕ್ಯಾಮೆರಾಗಳ ಸೆನ್ಸರ್ 18 ಮೆಗಾಪಿಕ್ಸೆಲ್. ಅಂದರೆ ಒಂದು ಚಿತ್ರದಲ್ಲಿ 5184 ಅಡ್ಡ, 3456 ಉದ್ದ ಚುಕ್ಕೆಗಳು. ಮದುವೆ ಆಲ್ಬಮ್ಮಿನ 12x18 ಇಂಚಿನ ಪುಟಕ್ಕೆ ಪೂರ್ತಿ ಹರಡಿ ಪ್ರಿಂಟ್ ಹಾಕಿಸಿದರೂ ಇಂಚಿಗೆ 288 ಚುಕ್ಕೆ ಸಿಗುತ್ತವೆ. ಒಳ್ಳೆಯ ಪ್ರಿಂಟಿಗೆ 300 ಎನ್ನುವುದು ರೂಢಿಯ ಲೆಕ್ಕ, ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. 24 ಮೆಗಾಪಿಕ್ಸೆಲ್ಲಿನಲ್ಲಿ ಅದೇ ಪುಟಕ್ಕೆ 333 ಬರುತ್ತದೆ. ಚಿತ್ರವನ್ನು ತುಂಬಾ ಕತ್ತರಿಸಿಕೊಳ್ಳುವ ಹಕ್ಕಿ ಫೋಟೊಗ್ರಾಫರಿಗೆ 24 ಉಪಯೋಗಕ್ಕೆ ಬರುತ್ತದೆ, ಉಳಿದವರು 18ರಲ್ಲೂ ನಿಶ್ಚಿಂತೆಯಾಗಿರಬಹುದು.

ಲೆನ್ಸ್ ಏಕೆ ಮೊದಲು

ಕಿಟ್ ಲೆನ್ಸ್ ಎಂದು ಜೊತೆಗೆ ಬರುವ 18-55 ಎಂಎಂ ಲೆನ್ಸಿನ ಮೇಲೆ ಎಫ್/3.5-5.6 ಎಂದು ಬರೆದಿರುತ್ತದೆ. 18ರಲ್ಲಿಟ್ಟಾಗ ಅದರ ಕಣ್ಣು, ಅಂದರೆ ಅಪರ್ಚರ್, ಎಫ್/3.5ರವರೆಗೆ ತೆರೆಯುತ್ತದೆ, 55ಕ್ಕೆ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಈ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು, ಅದೂ ಅಂಕಿಯ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಸಿಗುತ್ತದೆ.

ಈ ಹತ್ತು ಪಟ್ಟು ಎಂದರೇನು ಎನ್ನುವುದು ರಾತ್ರಿಯ ಯಕ್ಷಗಾನ ಬಯಲಾಟದಲ್ಲಿ ತಿಳಿಯುತ್ತದೆ. ವೇಷಧಾರಿ ದಿಗಿಣ ಹಾಕುವಾಗ ಚಲನೆ ಕಲಸಿಹೋಗದಂತೆ ಹಿಡಿಯಲು ಶಟರ್ ವೇಗ (ಬೆಳಕನ್ನು ಒಳಬಿಡುವ ಹೊತ್ತು) ಕನಿಷ್ಠ 1/250 ಸೆಕೆಂಡ್ ಬೇಕು. ರಂಗದ ದೀಪದಲ್ಲಿ 50 ಎಂಎಂ ಎಫ್/1.8 ಲೆನ್ಸ್ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600ಕ್ಕೆ ಇಟ್ಟಾಗ ಈ ವೇಗ ಸಿಗುತ್ತಿದೆ ಎಂದುಕೊಳ್ಳಿ. ಅದೇ ಜಾಗದಲ್ಲಿ ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿ ಎಫ್/5.6ರಲ್ಲಿ ತೆಗೆಯಹೋದರೆ ಎರಡೇ ದಾರಿ. ವೇಗವನ್ನು 1/25ಕ್ಕೆ ಇಳಿಸಬೇಕು, ಆಗ ಕಿರೀಟ, ಮುಖ, ಕೈ ಎಲ್ಲ ಒಂದಕ್ಕೊಂದು ಬೆರೆತು ಗೆರೆಗಳಾಗುತ್ತವೆ. ಇಲ್ಲವೇ ಐಎಸ್‌ಒ ಹದಿನೈದೂವರೆ ಸಾವಿರಕ್ಕೆ ಏರಿಸಬೇಕು. ಕೆನಾನ್ 1500ಡಿಯಲ್ಲಿ ಐಎಸ್‌ಒ ಸಾಮಾನ್ಯವಾಗಿ 6400ರವರೆಗೆ, ಮೆನುವಿನಲ್ಲಿ ವಿಸ್ತರಿಸಿಕೊಂಡರೆ 12800ರವರೆಗೆ ಮಾತ್ರ ಹೋಗುತ್ತದೆ. ಅಂದರೆ ಆ ಕ್ಯಾಮೆರಾ, ಆ ಲೆನ್ಸಿನಲ್ಲಿ ಆ ಚಿತ್ರ ತೆಗೆಯಲು ಸಾಧ್ಯವೇ ಇಲ್ಲ. ಲೆನ್ಸಿನಲ್ಲಿ ಐಎಸ್ ಅಥವಾ ವಿಆರ್ ಇದೆಯಲ್ಲ ಎನ್ನಬಹುದು. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ವೇಷಧಾರಿಯ ಕುಣಿತವನ್ನಲ್ಲ. ದುಬಾರಿ ಬಾಡಿಯಿಂದ ಈ ಕೊರತೆ ಒಂದಿಷ್ಟು ತುಂಬಬಹುದು. ಆದರೆ ಹತ್ತು ಪಟ್ಟು ಬೆಳಕನ್ನು ಕಡಿಮೆ ದುಡ್ಡಿಗೆ ತಂದುಕೊಡುವುದು ಜೂಮ್ ಇಲ್ಲದ ಒಂದು ಪುಟ್ಟ ಪ್ರೈಮ್ ಲೆನ್ಸ್.

ಕೆನಾನ್ ಕೊಳ್ಳುವವರಿಗೆ ಅದು ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ, 2015ರಲ್ಲಿ ಬಂದದ್ದು. ಅದಕ್ಕೆ ಹಿಂದಿನ ‘ಟೂ’ ಮಾದರಿ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಆದರೆ ಬಾಡಿಗೆ ಕೂರುವ ಅದರ ಮೌಂಟ್ ಪ್ಲಾಸ್ಟಿಕ್, ಫೋಕಸ್ ಗದ್ದಲದ್ದು, ಮಂದ ಬೆಳಕಿನಲ್ಲಿ ತಡಕಾಡುತ್ತದೆ. ನಿಕಾನ್‌ಗೆ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ. ಎಂಎಂ ಅಂಕಿ ದೊಡ್ಡದಾದಷ್ಟೂ ನೋಟ ಕಿರಿದು, ಹಾಗಾಗಿ ಇವೆರಡರ ನೋಟ ಬೇರೆ ಎಂಬುದು ನೆನಪಿರಲಿ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್. ಹೀಗಾಗಿ ಕೆನಾನ್‌ನಲ್ಲಿ ಲೆನ್ಸಿನ ಅಂಕಿಯನ್ನು 1.6ರಿಂದ, ನಿಕಾನ್‌ನಲ್ಲಿ 1.5ರಿಂದ ಗುಣಿಸಿ ನೋಟ ಅಂದಾಜು ಮಾಡಬೇಕು. ಕೆನಾನ್‌ನಲ್ಲಿ 50 ಎಂಎಂ ಎಂಬುದು 80ರಂತೆ ಕಾಣುತ್ತದೆ: ಒಬ್ಬರ ಮುಖ, ವೇದಿಕೆ, ಅಂಗಳದ ಮಕ್ಕಳಿಗೆ ಸೊಗಸು, ಹತ್ತಡಿ ಕೋಣೆಯಲ್ಲಿ ಮನೆಮಂದಿಯನ್ನೆಲ್ಲ ಒಟ್ಟಿಗೆ ಹಿಡಿಯಲು ಇಕ್ಕಟ್ಟು. ಮನೆಯೊಳಗಿನ ಚಿತ್ರಗಳೇ ಮುಖ್ಯವಾದರೆ ನಿಕಾನ್‌ನ 35 ಹೆಚ್ಚು ಒಗ್ಗುತ್ತದೆ. ಕೆನಾನ್‌ನಲ್ಲಿ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಇದೆ, ಬೆಳಕು ಸ್ವಲ್ಪ ಕಡಿಮೆ, ನೋಟ ಅಗಲ.

ಬೆಟ್ಟ, ಕಣಿವೆ, ಹಂಪಿಯ ಕಲ್ಲುಮಂಟಪ, ಮುಳ್ಳಯ್ಯನಗಿರಿಯ ಮಂಜು ಇವುಗಳಿಗೆ ಹೊಸ ಲೆನ್ಸ್ ಬೇಡವೇ ಬೇಡ. ಕಿಟ್ ಲೆನ್ಸನ್ನು ಎಫ್/8ಕ್ಕೆ ಇಟ್ಟು, ಐಎಸ್‌ಒ 100ರಲ್ಲಿ, ಅಲುಗಾಡದಂತೆ ತೆಗೆದರೆ ಅಂಚಿನವರೆಗೂ ಸ್ಪಷ್ಟವಾಗಿ ಬರುತ್ತದೆ. ಲೆನ್ಸಿನ ದುಡ್ಡನ್ನು ಇಲ್ಲಿ ಟ್ರೈಪಾಡ್‌ಗೆ ಹಾಕುವುದು ಜಾಣತನ.

ಹಕ್ಕಿಗಳ ಮಾತು ಬೇರೆ. ಕೆನಾನ್‌ನ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ ಅಥವಾ ನಿಕಾನ್‌ನ ಎಎಫ್-ಪಿ 70-300 ವಿಆರ್ ಇಲ್ಲದೆ ಹೊರಡಬೇಡಿ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಹೋಗುವುದರಿಂದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಿಗೆ 250 ಎಂಎಂ ಸಾಕಾಗುತ್ತದೆ. ದಾಂಡೇಲಿಯ ಮರದ ತುದಿಯಲ್ಲಿ ಕೂತ ಪುಟ್ಟ ಹಕ್ಕಿಗೆ ಸಾಲದು. ಹಾರುವ ಹಕ್ಕಿಗೆ 1/1000ಕ್ಕಿಂತ ಹೆಚ್ಚಿನ ವೇಗ ಬೇಕು. ಈ ಲೆನ್ಸುಗಳ ಉದ್ದದ ತುದಿಯಲ್ಲಿ ಕಣ್ಣು ಎಫ್/5.6 ಅಥವಾ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ಬೆಳಗಿನ ಬಿಸಿಲು ಚೆನ್ನಾಗಿ ಬಂದ ಮೇಲೆಯೇ ಕೆಲಸ.

ಹೂವು, ಹುಳುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಚಿತ್ರಕ್ಕೆ ದುಬಾರಿ ಮ್ಯಾಕ್ರೊ ಲೆನ್ಸಿನ ಬದಲು 50 ಎಂಎಂ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಬಹುದು. ಟ್ಯೂಬಿನಲ್ಲಿ ಗಾಜು ಇರುವುದಿಲ್ಲ, ಬರೀ ಟೊಳ್ಳು ಉಂಗುರ. ಕೊಳ್ಳುವಾಗ ಒಳಗೆ ಹಿತ್ತಾಳೆ ಬಣ್ಣದ ವಿದ್ಯುತ್ ಸಂಪರ್ಕದ ಚುಕ್ಕೆಗಳಿವೆಯೇ ನೋಡಿ. ಅವಿಲ್ಲದ ಅತಿ ಅಗ್ಗದ ಟ್ಯೂಬು ಹಾಕಿದರೆ ಕೆನಾನ್ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ, ಹುಳುವಿನ ಕಣ್ಣು ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ನಿಕಾನ್‌ನ ‘ಜಿ’ ಲೆನ್ಸುಗಳಲ್ಲಿ ತದ್ವಿರುದ್ಧ: ಅಪರ್ಚರ್ ಅತಿ ಕಿರಿದಾಗಿ ಮುಚ್ಚಿಕೊಂಡು ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕತ್ತಲಾಗುತ್ತದೆ.

ಯಾವ ಬಾಡಿ

ಕೆನಾನ್ ಒಳ್ಳೆಯದೋ ನಿಕಾನ್ ಒಳ್ಳೆಯದೋ ಎಂಬ ವಾದಕ್ಕೆ ಕೊನೆಯಿಲ್ಲ, ಅಗತ್ಯವೂ ಇಲ್ಲ. ನಿಮ್ಮ ಊರಿನಲ್ಲಿ, ಬಂಧುಬಳಗದಲ್ಲಿ, ಪರಿಚಯದ ಸ್ಟುಡಿಯೊದಲ್ಲಿ ಯಾವುದಿದೆಯೋ ಅದನ್ನೇ ಕೊಳ್ಳಿ. ಒಂದು ದಿನದ ಮಟ್ಟಿಗೆ ಲೆನ್ಸ್ ಎರವಲು ಸಿಗುವುದು ಯಾವ ಸೌಲಭ್ಯಕ್ಕಿಂತಲೂ ದೊಡ್ಡದು. ಸೋನಿಯ ಹಳೆಯ ಎ-ಮೌಂಟ್ ಕ್ಯಾಮೆರಾಗಳು ಕೆಲವೊಮ್ಮೆ ತೀರಾ ಅಗ್ಗಕ್ಕೆ ಸಿಗುತ್ತವೆ. ಆ ಸಾಲನ್ನು ಕಂಪನಿ ನಿಲ್ಲಿಸಿದೆ, ಲೆನ್ಸ್ ಹುಡುಕುವುದೇ ಒಂದು ಕೆಲಸವಾಗುತ್ತದೆ. ಬಿಟ್ಟುಬಿಡಿ.

ಕೆನಾನ್ ಸಾಲಿನಲ್ಲಿ 3000ಡಿಯನ್ನು ಯಾವ ಬೆಲೆಗೂ ಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳಬಹುದು. 2018ರಲ್ಲಿ ಬಂದರೂ ಅದರ ಲೆನ್ಸ್ ಮೌಂಟ್ ಪ್ಲಾಸ್ಟಿಕ್. ವ್ಯೂಫೈಂಡರ್‌ನಲ್ಲಿ ಕನ್ನಡಕದ ನಂಬರಿಗೆ ತಕ್ಕಂತೆ ಸರಿಪಡಿಸಿಕೊಳ್ಳುವ ಡಯಾಪ್ಟರ್ ಚಕ್ರವೇ ಇಲ್ಲ. ಅದಕ್ಕಿಂತ ನಾಲ್ಕು ವರ್ಷ ಹಳೆಯ 1200ಡಿ ಎಷ್ಟೋ ವಾಸಿ.

ಹೊಸದಾಗಿಯೇ ಬೇಕೆನ್ನುವವರಿಗೆ ಅಂಗಡಿಯಲ್ಲಿ ಮೊದಲು ತೋರಿಸುತ್ತಿದ್ದುದು 1500ಡಿ. ಚಿತ್ರದ ಗುಣಮಟ್ಟ ಒಳ್ಳೆಯದು, 24 ಮೆಗಾಪಿಕ್ಸೆಲ್, ವೈಫೈ ಇದೆ. ಆದರೆ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ನೋಡಿ. ಸಾಮಾನ್ಯ ಕ್ಯಾಮೆರಾಗಳಲ್ಲಿ ಅದರ ಮಧ್ಯೆ ದೊಡ್ಡದೊಂದು ಲೋಹದ ಚುಕ್ಕೆ ಇರುತ್ತದೆ, ಎಲ್ಲ ಕಂಪನಿಯ ಫ್ಲ್ಯಾಶುಗಳಿಗೂ ‘ಈಗ ಉರಿ’ ಎಂಬ ಸೂಚನೆ ಹೋಗುವುದು ಅಲ್ಲಿಂದಲೇ. 1500ಡಿ, 3000ಡಿ ಮತ್ತು 200ಡಿ ಮಾರ್ಕ್ ಟೂ ಕ್ಯಾಮೆರಾಗಳಲ್ಲಿ ಕೆನಾನ್ ಆ ಚುಕ್ಕೆಯನ್ನೇ ತೆಗೆದುಹಾಕಿದೆ. ಎರಡು ಮೂರು ಸಾವಿರಕ್ಕೆ ಸಿಗುವ ಮ್ಯಾನುವಲ್ ಫ್ಲ್ಯಾಶ್, ಸ್ಟುಡಿಯೊ ಲೈಟಿನ ಸಾದಾ ಟ್ರಿಗ್ಗರ್ ಇವುಗಳ ಮೇಲೆ ಉರಿಯುವುದಿಲ್ಲ. ಮುಂದೆ ಸಣ್ಣಪುಟ್ಟ ಸಮಾರಂಭದ ಕೆಲಸ ಮಾಡುವ ಆಸೆಯಿದ್ದವರಿಗೆ ಇದು ದೊಡ್ಡ ಕೊರತೆ. 2016ರ 1300ಡಿಯಲ್ಲಿ ಆ ಚುಕ್ಕೆ ಇದೆ, ವೈಫೈಯೂ ಇದೆ.

ಹಳೆಯದರಲ್ಲಿ ದುಡ್ಡಿಗೆ ತಕ್ಕ ಮಾಲು ಎಂದರೆ 700ಡಿ. ಒಂಬತ್ತೂ ಫೋಕಸ್ ಬಿಂದುಗಳು ಕ್ರಾಸ್ ಟೈಪ್, ಅಂದರೆ ಅಡ್ಡಗೆರೆ ಉದ್ದಗೆರೆ ಎರಡನ್ನೂ ಹಿಡಿಯುತ್ತವೆ. 1300ಡಿ, 1500ಡಿಗಳಲ್ಲಿ ಮಧ್ಯದ ಒಂದು ಮಾತ್ರ ಹಾಗೆ. ಅಂಚಿನ ಬಿಂದುವಿನಿಂದ ಮಂದ ಬೆಳಕಿನಲ್ಲಿ ಫೋಕಸ್ ಮಾಡುವಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. 700ಡಿಯಲ್ಲಿ ಸೆಕೆಂಡಿಗೆ ಐದು ಚಿತ್ರ, ತಿರುಗುವ ಟಚ್ ಪರದೆ, ಮೈಕ್ ಹಾಕುವ ಕಿಂಡಿ ಎಲ್ಲ ಇವೆ.

ವೀಡಿಯೊ ಕೂಡ ಬೇಕು ಎನ್ನುವವರಿಗೆ ಡ್ಯುಯಲ್ ಪಿಕ್ಸೆಲ್ ಫೋಕಸ್ (ಸೆನ್ಸರಿನಿಂದಲೇ ನಯವಾಗಿ ಫೋಕಸ್ ಮಾಡುವ ವ್ಯವಸ್ಥೆ) ಇರುವ 70ಡಿ, 80ಡಿ, 200ಡಿಯಂಥವು ಮಾತ್ರ. ಅದಿಲ್ಲದವುಗಳಲ್ಲಿ ವೀಡಿಯೊ ಓಡುವಾಗ ಫೋಕಸ್ ಹಿಂದೆ ಮುಂದೆ ಜೋಲಿ ಹೊಡೆಯುತ್ತಿರುತ್ತದೆ. ವೀಡಿಯೊವೇ ಮುಖ್ಯ, ಫೋಟೊ ಆಮೇಲೆ ಎನ್ನುವವರು ಡಿಎಸ್‌ಎಲ್‌ಆರ್ ಕೊಳ್ಳದಿರುವುದೇ ಸರಿ.

ನಿಕಾನ್ ಕೊಳ್ಳುವವರು ಒಂದು ಸಂಗತಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಡಿ3000, ಡಿ5000 ಸಾಲಿನ ಯಾವ ಬಾಡಿಯೊಳಗೂ ಫೋಕಸ್ ಮೋಟಾರ್ ಇಲ್ಲ. ಡಿ90, ಡಿ7000, ಡಿ7100, ಡಿ7200ಗಳಲ್ಲಿ ಇದೆ. ಲೆನ್ಸಿನ ಮೇಲೆ ಬರೀ ‘ಎಎಫ್’ ಎಂದಿದ್ದರೆ ಅದರೊಳಗೂ ಮೋಟಾರ್ ಇಲ್ಲ, ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದಿದ್ದರೆ ಇದೆ. ಅಗ್ಗಕ್ಕೆ ಸಿಕ್ಕಿತೆಂದು 50 ಎಂಎಂ ಎಫ್/1.8ಡಿ ಲೆನ್ಸನ್ನೋ ಹಳೆಯ ಎಎಫ್ 70-300ಜಿಯನ್ನೋ ತಂದು ಡಿ3300ಕ್ಕೆ ಹಾಕಿದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಇದಕ್ಕೆ ವಿರುದ್ಧವಾದ ತೊಡಕೂ ಒಂದಿದೆ: ಹೊಸ ಎಎಫ್-ಪಿ ಲೆನ್ಸುಗಳು ಡಿ3100, ಡಿ5100, ಡಿ90, ಡಿ7000ದಂಥ ಹಳೆಯ ಬಾಡಿಗಳ ಮೇಲೆ ಫೋಕಸ್ ಆಗುವುದೇ ಇಲ್ಲ, ಕೈಯಿಂದ ತಿರುಗಿಸಿದರೂ ಇಲ್ಲ. ಡಿ3300, ಡಿ5300ರಲ್ಲಿ ಕೆಲಸ ಮಾಡುತ್ತವೆ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹೊಸದಾಗಿರಬೇಕು.

ಈ ಗೋಜಲು ಬೇಡ ಎನ್ನುವವರಿಗೆ 2013ರ ಡಿ5300 ನೆಮ್ಮದಿಯ ಆಯ್ಕೆ: 24 ಮೆಗಾಪಿಕ್ಸೆಲ್, 39 ಫೋಕಸ್ ಬಿಂದು, ತಿರುಗುವ ಪರದೆ, ಮೈಕ್ ಕಿಂಡಿ. ಇನ್ನೂ ಕಡಿಮೆಗೆ ಡಿ3300. ಅದರ ನಂತರ ಬಂದ ಡಿ3400, ಡಿ3500ರಲ್ಲಿ ಬ್ಯಾಟರಿ ಹೆಚ್ಚು ಬಾಳುತ್ತದೆ. ಡಿ3500ರಲ್ಲಿ ಒಂದು ಚಾರ್ಜಿಗೆ 1550 ಚಿತ್ರ ಎಂಬುದು ಕಂಪನಿಯ ಲೆಕ್ಕ. ಆದರೆ ಆ ಎರಡರಲ್ಲೂ ಮೈಕ್ ಕಿಂಡಿ ಇಲ್ಲ, ಸೆನ್ಸರನ್ನು ಅಲುಗಿಸಿ ಧೂಳು ಕೊಡವುವ ವ್ಯವಸ್ಥೆಯೂ ಇಲ್ಲ. ಹಕ್ಕಿ, ಕ್ರೀಡೆ ತೆಗೆಯುವವರಿಗೆ ಸ್ವಲ್ಪ ಹೆಚ್ಚು ದುಡ್ಡಿನಲ್ಲಿ ಡಿ7100: 51 ಬಿಂದುಗಳು, ಒಳಗೇ ಮೋಟಾರ್, ಸೆಟ್ಟಿಂಗ್ ಬದಲಿಸಲು ಎರಡು ಚಕ್ರಗಳು. ತೂಕವೂ ಹೆಚ್ಚು, ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಿ.

ಮುಂದೆಂದೋ ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸುಗಳ ಗತಿಯೇನು? ಕೆನಾನ್‌ನ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಮೂಲಕ ಆರ್ ಸಾಲಿನ ಕ್ಯಾಮೆರಾದಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಎಎಫ್-ಎಸ್, ಎಎಫ್-ಪಿ ನಡೆಯುತ್ತವೆ. ಆದರೆ ಅಡಾಪ್ಟರಿನೊಳಗೆ ಮೋಟಾರ್ ಇಲ್ಲದ್ದರಿಂದ ಹಳೆಯ ಎಎಫ್ ಲೆನ್ಸುಗಳು ಅಲ್ಲಿಯೂ ಆಟೊಫೋಕಸ್ ಕಳೆದುಕೊಳ್ಳುತ್ತವೆ.

ದುಡ್ಡು ಹಂಚುವ ಬಗೆ

ಬೆಲೆ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಹಾಗಾಗಿ ಅನುಪಾತವನ್ನೇ ಹಿಡಿದುಕೊಳ್ಳಿ. ಕೈಯಲ್ಲಿ 30,000 ಇದ್ದರೆ ಬಾಡಿ ಮತ್ತು ಕಿಟ್ ಲೆನ್ಸಿಗೆ 19,000ದಿಂದ 20,000 ದಾಟಬೇಡಿ. 6,000ದಿಂದ 7,000ವನ್ನು ಎರಡನೆಯ ಲೆನ್ಸಿಗೆ ಮೀಸಲಿಡಿ. ಉಳಿದದ್ದು ಕಾರ್ಡು, ಇನ್ನೊಂದು ಬ್ಯಾಟರಿ, ಧೂಳು ಊದುವ ಬ್ಲೋವರ್, ಗಾಳಿಯಾಡದ ಡಬ್ಬಿಗೆ. 20,000ವೇ ಇದ್ದರೆ ಬಾಡಿಯ ಆಸೆಯನ್ನು ಒಂದು ಮೆಟ್ಟಿಲು ಇಳಿಸಿ, ಎರಡನೆಯ ಲೆನ್ಸನ್ನು ಮಾತ್ರ ಕೈಬಿಡಬೇಡಿ. 1200ಡಿ ಮತ್ತು 50 ಎಂಎಂ ಜೋಡಿಯಲ್ಲಿ ಕಲಿಯುವಷ್ಟನ್ನು 200ಡಿ ಮತ್ತು ಕಿಟ್ ಲೆನ್ಸಿನಲ್ಲಿ ಕಲಿಯಲಾಗುವುದಿಲ್ಲ.

ಹೊಸದನ್ನೇ ಕೊಳ್ಳುವವರು ಪೆಟ್ಟಿಗೆಯ ಮೇಲೆ ಲೆನ್ಸಿನ ಪೂರ್ತಿ ಹೆಸರು ಓದಬೇಕು. ಕೆನಾನ್‌ನಲ್ಲಿ ‘18-55 ಐಎಸ್ ಟೂ’ ಎಂದರೆ ಕೈನಡುಕ ತಡೆಯುವ ವ್ಯವಸ್ಥೆ ಇರುವುದು, ‘18-55 ತ್ರೀ’ ಎಂದರೆ ಇಲ್ಲದ್ದು. ನಿಕಾನ್‌ನಲ್ಲಿ ‘ವಿಆರ್’ ಅಕ್ಷರ ಇದೆಯೇ ನೋಡಿ. ಬ್ಯಾಗ್, ಟ್ರೈಪಾಡ್, ಕ್ಲೀನಿಂಗ್ ಕಿಟ್ ‘ಫ್ರೀ’ ಎಂದು ಕೊಡುವ ಕಡೆ ಲೆನ್ಸ್ ಇಂಥ ಕಡಿಮೆ ಮಾದರಿಯದ್ದಾಗಿರುವುದುಂಟು. ವಾರಂಟಿ ಕಾರ್ಡ್ ಭಾರತದ್ದೇ ಇರಬೇಕು, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ವಿದೇಶದಿಂದ ಬೇರೆ ದಾರಿಯಲ್ಲಿ ಬಂದ ಗ್ರೇ ಮಾಲಿಗೆ ಅಂಗಡಿಯವರ ಬಾಯಿಮಾತೇ ವಾರಂಟಿ.

ಹಳೆಯ ಕ್ಯಾಮೆರಾ ಪರೀಕ್ಷೆ

ಹಗಲು ಹೊತ್ತಿನಲ್ಲಿ, ಅರ್ಧ ಗಂಟೆ ಬಿಡುವಿಟ್ಟುಕೊಂಡು ಹೋಗಿ. ನಿಮ್ಮದೇ ಎಸ್‌ಡಿ ಕಾರ್ಡ್, ಸಣ್ಣ ಟಾರ್ಚ್, ಒಂದು ದಿನಪತ್ರಿಕೆ ಜೊತೆಗಿರಲಿ. ಮಾರುವವರು ಅವಸರ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಲೆನ್ಸ್. ಬಾಡಿಯಿಂದ ಬಿಚ್ಚಿ, ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂಬದಿಯಿಂದ ಓರೆಯಾಗಿ ನೋಡಿ. ನಿಕಾನ್ ‘ಜಿ’ ಲೆನ್ಸ್ ಆದರೆ ಹಿಂಭಾಗದ ಪುಟ್ಟ ಲೋಹದ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿದರೆ ಅಪರ್ಚರ್ ತೆರೆಯುತ್ತದೆ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. ಹುಡುಕಬೇಕಾದದ್ದು ಫಂಗಸ್: ಗಾಜಿನ ಅಂಚಿನಿಂದ ಹೊರಟು ಬೇರಿನಂತೆ ಕವಲೊಡೆದು ಹಬ್ಬಿದ ಬಿಳಿ ಎಳೆಗಳು. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸುಗಳಲ್ಲಿ ಇದು ತೀರಾ ಸಾಮಾನ್ಯ. ಫಂಗಸ್ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಬಿಚ್ಚಿ ಒರೆಸಿದರೂ ಗುರುತು ಉಳಿಯಬಹುದು. ಬಿಸಿಲಿಗೆ ಎದುರಾಗಿ ಚಿತ್ರ ತೆಗೆದಾಗ ಎಲ್ಲ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಲೆನ್ಸನ್ನು ಮತ್ತೆ ಹಾಕಿ, ಎ ಅಥವಾ ಎವಿ ಮೋಡಿನಲ್ಲಿ (ಅಪರ್ಚರ್ ನಾವೇ ಆರಿಸುವ ಮೋಡ್) ಎಫ್/16ಕ್ಕೆ ಇಟ್ಟು, ಒಂದೇ ಗೋಡೆಯನ್ನು ಸತತವಾಗಿ ಹತ್ತು ಬಾರಿ ತೆಗೆಯಿರಿ. ಹತ್ತೂ ಒಂದೇ ಬೆಳಕಿನಲ್ಲಿ ಬರಬೇಕು. ಕೆಲವು ಬೆಳ್ಳಗಾಗಿದ್ದರೆ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಕೂತು, ಹೊತ್ತಿಗೆ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಕೆನಾನ್ ಪರದೆಯ ಮೇಲೆ ‘ಎರರ್ 01’ ಬಂದರೆ ಲೆನ್ಸ್ ಮತ್ತು ಬಾಡಿಯ ನಡುವಿನ ಸಂಪರ್ಕ ಕೆಟ್ಟಿದೆ. ಬಂಗಾರದ ಬಣ್ಣದ ಚುಕ್ಕೆಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ನೋಡಿ. ಜೂಮ್ ತಿರುಗಿಸಿದಾಗ ಮಾತ್ರ ಆ ಎರರ್ ಬರುತ್ತಿದ್ದರೆ ಒಳಗಿನ ತೆಳು ತಂತಿಪಟ್ಟಿ ಹರಿದಿರುವ ಸಾಧ್ಯತೆ ಹೆಚ್ಚು.

ಸೆನ್ಸರಿಗೆ ಬೇರೆ ಪರೀಕ್ಷೆ. ಎಫ್/22, ಐಎಸ್‌ಒ 100, ಫೋಕಸ್ ಮ್ಯಾನುವಲ್ಲಿಗೆ ಹಾಕಿ ಬೇಕೆಂದೇ ಮಸುಕು ಮಾಡಿ, ಬಿಳಿ ಗೋಡೆ ಅಥವಾ ಆಕಾಶ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ಸರಿಸಿ ನೋಡಿ. ಮಸುಕಾದ ಬೂದು ಚುಕ್ಕೆಗಳು ಧೂಳು, ಸರ್ವಿಸ್‌ನಲ್ಲಿ ಹೋಗುತ್ತವೆ. ಗೀರಿನಂಥ ಸ್ಪಷ್ಟ ಗೆರೆ ಕಂಡರೆ ಯಾರೋ ಬಟ್ಟೆ ಹಾಕಿ ಉಜ್ಜಿದ್ದಾರೆ, ಅದು ಹೋಗುವುದಿಲ್ಲ. ಅದಾದ ಮೇಲೆ ಶಟರ್ ವೇಗ 1/4000ಕ್ಕೆ ಇಟ್ಟು ಬಿಸಿಲಿನ ಗೋಡೆ ತೆಗೆಯಿರಿ. ಮೇಲೋ ಕೆಳಗೋ ಕಪ್ಪು ಪಟ್ಟಿ ಕಂಡರೆ ಶಟರಿನ ಎರಡು ಪರದೆಗಳ ಓಟ ತಪ್ಪಿದೆ, ಅದರ ಆಯಸ್ಸು ಮುಗಿಯುತ್ತಾ ಬಂದಿದೆ.

ಶಟರ್ ಕೌಂಟ್ ಎಂದರೆ ಆ ಶಟರ್ ಇದುವರೆಗೆ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ. ನಿಕಾನ್ ಪ್ರತಿ ಚಿತ್ರದ ಫೈಲಿನೊಳಗೆ ಇದನ್ನು ಬರೆದಿಡುತ್ತದೆ. ಆಗಷ್ಟೇ ತೆಗೆದ ಚಿತ್ರವನ್ನು ಎಕ್ಸಿಫ್ ಮಾಹಿತಿ ತೋರಿಸುವ ವೆಬ್‌ಸೈಟಿಗೆ ಹಾಕಿದರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಸಾದಾ ಫೋಟೊ ಆಗಿ ಕಳಿಸಿದರೆ ಮಾಹಿತಿ ಅಳಿಸಿಹೋಗುತ್ತದೆ, ಮೂಲ ಫೈಲೇ ಬೇಕು. ಕೆನಾನ್‌ನ ಈ ಮಾಡೆಲ್‌ಗಳ ಫೈಲಿನಲ್ಲಿ ಅದು ಸಿಗುವುದಿಲ್ಲ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್ ಮೂಲಕ ಓದಬೇಕು. ಫೈಲಿನ ಹೆಸರಿನ ನಂಬರ್ ತೋರಿಸಿ ‘ಬರೀ ಎರಡು ಸಾವಿರ ಫೋಟೊ ಸಾರ್’ ಎಂದರೆ ನಂಬಬೇಡಿ. ಆ ನಂಬರ್ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಡಿ3300, ಡಿ5300ಗಳ ಶಟರನ್ನು ನಿಕಾನ್ ಒಂದು ಲಕ್ಷ ಬಾರಿಗೆ, ಡಿ7100ದ್ದನ್ನು ಒಂದೂವರೆ ಲಕ್ಷ ಬಾರಿಗೆ ಪರೀಕ್ಷಿಸಿದೆ. ಮೂವತ್ತು ಸಾವಿರದೊಳಗಿದ್ದರೆ ಕಣ್ಣುಮುಚ್ಚಿ ಮುಂದುವರಿಯಿರಿ. ಅರವತ್ತು ಸಾವಿರ ದಾಟಿದ್ದರೆ ಬೆಲೆ ಇಳಿಸಲು ಕೇಳಿ. ಲಕ್ಷ ದಾಟಿದ್ದು ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ, ಮೊದಲ ಬಾರಿ ಕೊಳ್ಳುವವರಿಗೆ ಬೇಡ.

ಕೊನೆಗೆ ಫೋಕಸ್. ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಓರೆಯಾಗಿ ಕೂತು, ಲೆನ್ಸನ್ನು ಪೂರ್ತಿ ತೆರೆದು, ಮಧ್ಯದ ಬಿಂದುವಿನಿಂದ ಒಂದು ತಲೆಬರಹದ ಮೇಲೆ ಫೋಕಸ್ ಮಾಡಿ ತೆಗೆಯಿರಿ. ಮೊದಲು ವ್ಯೂಫೈಂಡರ್ ನೋಡಿ, ನಂತರ ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆ ನೋಡಿ. ಲೈವ್ ವ್ಯೂನಲ್ಲಿ ಸೆನ್ಸರೇ ನೇರವಾಗಿ ಫೋಕಸ್ ನಿರ್ಧರಿಸುತ್ತದೆ, ವ್ಯೂಫೈಂಡರಿನಲ್ಲಿ ಕನ್ನಡಿಯ ಕೆಳಗಿರುವ ಬೇರೊಂದು ಸೆನ್ಸರ್ ಆ ಕೆಲಸ ಮಾಡುತ್ತದೆ. ವ್ಯೂಫೈಂಡರಿನಲ್ಲಿ ತೆಗೆದದ್ದರಲ್ಲಿ ಮಾತ್ರ ಸ್ಪಷ್ಟತೆ ಹಿಂದಿನ ಅಥವಾ ಮುಂದಿನ ಸಾಲಿಗೆ ಜಾರುತ್ತಿದ್ದರೆ ಹೊಂದಾಣಿಕೆ ತಪ್ಪಿದೆ. 70ಡಿ, 80ಡಿ, ಡಿ7100ರಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸಿಕೊಳ್ಳಬಹುದು. 700ಡಿ, 1300ಡಿ, ಡಿ3300, ಡಿ5300ರಲ್ಲಿ ಆ ಸೌಲಭ್ಯ ಇಲ್ಲ, ಸರ್ವಿಸ್ ಸೆಂಟರಿಗೇ ಹೋಗಬೇಕು. ಕಿಟ್ ಲೆನ್ಸಿನಲ್ಲಿ ಈ ದೋಷ ಅಡಗಿಕೊಳ್ಳುತ್ತದೆ, 50 ಎಂಎಂ ಎಫ್/1.8 ಹಾಕಿದ ದಿನ ಬಯಲಾಗುತ್ತದೆ. ಆದ್ದರಿಂದ ಆ ಲೆನ್ಸನ್ನು ಮೊದಲೇ ಕೊಂಡೋ ಎರವಲು ತಂದೋ ಪರೀಕ್ಷೆಗೆ ಒಯ್ದರೆ ಒಳ್ಳೆಯದು.

ಉಳಿದವು ಬೇಗ ಮುಗಿಯುತ್ತವೆ. ಎಲ್ಲ ಗುಂಡಿ ಒತ್ತಿ, ಚಕ್ರ ತಿರುಗಿಸಿ, ಫ್ಲ್ಯಾಶ್ ಎದ್ದು ಉರಿಯುತ್ತದೆಯೇ ನೋಡಿ. ಬ್ಯಾಟರಿ ಹೊರಗೆ ಬರಲು ಬಿಗಿಯಾದರೆ ಅದು ಉಬ್ಬಿದೆ. ಹಿಡಿತದ ರಬ್ಬರ್ ಎದ್ದು ಬಂದಿದ್ದರೆ ಚಿಂತೆಯಿಲ್ಲ, ಅಂಟಿಸಬಹುದು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಒಳಗೆ ಕೈಹಾಕಿದ್ದಾರೆ, ಯಾಕೆಂದು ಕೇಳಿ.

ಬಾಡಿಯ ತಳದ ಸೀರಿಯಲ್ ನಂಬರ್ ಬಿಲ್ಲಿನದಕ್ಕೆ ತಾಳೆಯಾಗಬೇಕು. ಬಿಲ್ ಇಲ್ಲದಿದ್ದರೆ ಮಾರುವವರ ಗುರುತಿನ ಚೀಟಿಯ ಪ್ರತಿ ಮತ್ತು ಮಾರಿದ್ದಕ್ಕೆ ಒಂದು ಸಾಲಿನ ಸಹಿ ತೆಗೆದುಕೊಳ್ಳಿ. ಕ್ಯಾಮೆರಾ ಕೈಗೆ ಬರುವ ಮುನ್ನ ಮುಂಗಡ ಹಾಕಬೇಡಿ. ‘ವರ್ಗವಾಗಿದೆ, ಕೊರಿಯರ್‌ನಲ್ಲಿ ಕಳಿಸುತ್ತೇನೆ’ ಎಂದು ಅರ್ಧ ಬೆಲೆಗೆ ಕೊಡಬಂದವರು ಕ್ಯಾಮೆರಾ ಇಲ್ಲದವರೇ ಇರುತ್ತಾರೆ. ಮುಂದೆ ನಿಮ್ಮದನ್ನು ಮಾರುವಾಗಲೂ ಎಚ್ಚರ: ಯುಪಿಐಯಲ್ಲಿ ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಪಿನ್ ಕೇಳಿದರೆ ಹೋಗುವುದು ನಿಮ್ಮದೇ ದುಡ್ಡು.

ತಂದ ಮೇಲೆ

ಕಾರ್ಡ್ 32 ಜಿಬಿಯದು ಸಾಕು, ಹೆಸರಾಂತ ಕಂಪನಿಯದ್ದನ್ನು ಬಿಲ್ ಕೊಡುವ ಅಂಗಡಿಯಿಂದಲೇ ತನ್ನಿ. ನಕಲಿ ಕಾರ್ಡುಗಳು ತುಂಬುತ್ತಾ ಬಂದಂತೆ ಹಿಂದಿನ ಚಿತ್ರಗಳನ್ನು ಕೆಡಿಸುತ್ತವೆ. ಐನೂರು ರೂಪಾಯಿ ಟ್ರೈಪಾಡ್ ಮೊಬೈಲಿಗೆ ಸರಿ, ಡಿಎಸ್‌ಎಲ್‌ಆರ್ ಭಾರಕ್ಕೆ ತಲೆ ಬಾಗುತ್ತದೆ. ಒಳ್ಳೆಯದು ಕೊಳ್ಳುವವರೆಗೆ ಗಟ್ಟಿ ಬಟ್ಟೆಯ ಚೀಲಕ್ಕೆ ಒಂದು ಕಿಲೊ ರಾಗಿ ತುಂಬಿ ಹೊಲೆದಿಟ್ಟುಕೊಂಡರೆ ಜೀಪಿನ ಕಂಬಿ, ಬಂಡೆ, ಕಿಟಕಿ ಎಲ್ಲೆಂದರಲ್ಲಿ ಕ್ಯಾಮೆರಾ ಅಲುಗದೆ ಕೂರುತ್ತದೆ.

ಫಂಗಸ್ ಬೆಳೆಯಲು ಬೇಕಾದದ್ದು ತೇವ ಮತ್ತು ಕತ್ತಲೆ, ಎರಡೂ ಕ್ಯಾಮೆರಾ ಬ್ಯಾಗಿನೊಳಗೆ ಸಿಗುತ್ತವೆ. ಮಳೆಗಾಲದಲ್ಲಿ ಬ್ಯಾಗಿನಲ್ಲೋ ಬೀರುವಿನಲ್ಲೋ ಇಡಬೇಡಿ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸುವ ಪುಟ್ಟ ಹೈಗ್ರೊಮೀಟರನ್ನೂ ಒಳಗಿಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. 60 ದಾಟಿತೆಂದರೆ ಫಂಗಸ್‌ಗೆ ದಾರಿ. 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ರಬ್ಬರ್ ಒಣಗುತ್ತದೆ, ಆಗ ಸ್ವಲ್ಪ ಜೆಲ್ ಹೊರತೆಗೆಯಿರಿ. ಮಂಗಳೂರು, ಕಾರವಾರ, ತೀರ್ಥಹಳ್ಳಿಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬಲುಬೇಗ ತೇವ ಹೀರಿಕೊಂಡು ಬಣ್ಣ ಬಿಡುತ್ತದೆ. ಬಿಸಾಡಬೇಕಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಬರುವವರೆಗೆ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮಾತ್ರ ಅಡುಗೆಗೆ ಬಳಸಬೇಡಿ.